ಮಧುಮೇಹಿಗೆ ವ್ಯಾಯಾಮ: ಹಿತವೂ ಮಿತವೂ

ರೋಗಕ್ಕೆ ಜನರು ಇಡುವ ಹೆಸರು ಅದರ ತಿಳಿವಳಿಕೆಗೆ ಕೈದೀವಿಗೆಯಾಗುವುದುಂಟು. ಕೆಲವೊಮ್ಮೆ ದಾರಿ ತಪ್ಪಿಸುವುದೂ ಉಂಟು. ಪ್ರಾಚೀನರು ‘ಮಧುಮೇಹ’ವೆಂದು ಕರೆದುದನ್ನು ಕನ್ನಡದ ಮನೆಮಾತು ‘ಸಕ್ಕರೆ ಕಾಯಿಲೆ’ ಎಂದಿತು. ಈಚೆಗೆ ‘ಕಾಯಿಲೆ’ ಎಂಬುದೂ ಉದುರಿಹೋಗಿ, “ಅವರಿಗೆ ಶುಗರ್ ಇದೆ” ಎಂಬಲ್ಲಿಗೆ ಮಾತು ಬಂದು ನಿಂತಿದೆ. ಹೆಸರೇನೋ ಸುಲಭವಾಯಿತು, ಆದರೆ ಅದರೊಡನೆ ಎರಡು ತಪ್ಪು ಗ್ರಹಿಕೆಗಳು ಬೇರೂರಿದವು. ಸಕ್ಕರೆ ಬಿಟ್ಟರೆ ರೋಗವನ್ನು ಗೆದ್ದಂತೆ ಎಂಬುದು ಒಂದು. ಮಧುಮೇಹಿಗೆ ಸಕ್ಕರೆ ಯಾವ ಹೊತ್ತಿನಲ್ಲಿಯೂ ವಿಷವೇ ಎಂಬುದು ಇನ್ನೊಂದು. ಮೊದಲನೆಯದು ವ್ಯಾಯಾಮದ ಅಗತ್ಯವನ್ನು ಮರೆಸುತ್ತದೆ. ಎರಡನೆಯದು ವ್ಯಾಯಾಮದ ನಡುವೆ ಒದಗಬಹುದಾದ ಆಪತ್ತಿನಲ್ಲಿ ಪ್ರಾಣಕ್ಕೇ ಸಂಚಕಾರ ತರಬಲ್ಲುದು. ಆದುದರಿಂದ ಈ ವಿಷಯ ವೈದ್ಯರಿಗಷ್ಟೇ ಸೇರಿದುದಲ್ಲ; ಆಟದ ಬಯಲಿರುವ ಪ್ರತಿಯೊಂದು ವಿದ್ಯಾಸಂಸ್ಥೆಗೂ ಸೇರಿದುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿರುವರೆಂದು ಅಂದಾಜು ಮಾಡಿತು. ಇವರಲ್ಲಿ ಬಹುಪಾಲು ಜನರದು ನಡುವಯಸ್ಸಿನಲ್ಲಿ ಮೆಲ್ಲನೆ ಕಾಣಿಸಿಕೊಳ್ಳುವ ಎರಡನೆಯ ಬಗೆಯ ಮಧುಮೇಹ. ಇನ್ನೊಂದು ಬಗೆಯದು ಬಾಲ್ಯದಲ್ಲಿಯೇ ಎರಗಬಲ್ಲುದು. ಅದರಲ್ಲಿ ಮೇದೋಜೀರಕಾಂಗದೊಳಗೆ ಇನ್ಸುಲಿನ್ ಸ್ರವಿಸುವ ಕಣಗಳನ್ನು ದೇಹದ ರಕ್ಷಣಾಶಕ್ತಿಯೇ ನಾಶಮಾಡಿಬಿಡುತ್ತದೆ. ಹೊರಗಿನಿಂದ ಇನ್ಸುಲಿನ್ ಕೊಡದಿದ್ದರೆ ಬದುಕಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಮೊತ್ತಮೊದಲು ಈ ಔಷಧವನ್ನು ಚುಚ್ಚಲಾಯಿತು. ಅದಕ್ಕೆ ಮುಂಚೆ ಇಂಥ ಮಕ್ಕಳು ಹೆಚ್ಚು ಕಾಲ ಉಳಿಯುತ್ತಿರಲಿಲ್ಲ.

ಸುಶ್ರುತ ಸಂಹಿತೆಯು ಪ್ರಮೇಹವನ್ನು ‘ಸಹಜ’ವೆಂದೂ ಅಪಥ್ಯದಿಂದ ಹುಟ್ಟಿದುದೆಂದೂ ಎರಡಾಗಿ ವಿಂಗಡಿಸುತ್ತದೆ. ಮೊದಲನೆಯ ರೋಗಿ ಕೃಶ. ಎರಡನೆಯವನು ಸ್ಥೂಲದೇಹಿ, ಹೆಚ್ಚು ಉಣ್ಣುವವನು, ಕುಳಿತಲ್ಲೇ ಕುಳಿತಿರಲು ಬಯಸುವವನು. ಇಂದಿನ ವಿಭಾಗದೊಡನೆ ಇದು ಅಕ್ಷರಶಃ ಹೊಂದದಿದ್ದರೂ ಆ ದೃಷ್ಟಿಯ ಸೂಕ್ಷ್ಮತೆ ಬೆರಗುಗೊಳಿಸುತ್ತದೆ. ಧನವಿಲ್ಲದ ರೋಗಿಯು ಭಿಕ್ಷಾನ್ನವನ್ನುಂಡು ಮುನಿಯಂತೆ ನೂರು ಯೋಜನ ನಡೆಯಬೇಕು, ಉಳಬೇಕು, ಬಾವಿ ತೋಡಬೇಕು ಎಂದು ವಿಧಿಸುವ ಆಚಾರ್ಯನು, ಕೃಶನಾದವನನ್ನು ಮಾತ್ರ ಸದಾ ಕಾಪಾಡಬೇಕೆಂದು ಜೊತೆಯಲ್ಲಿಯೇ ಎಚ್ಚರಿಸುತ್ತಾನೆ. ಶ್ರಮವು ಔಷಧ; ಆದರೆ ಎಲ್ಲರಿಗೂ ಒಂದೇ ಪ್ರಮಾಣದ ಔಷಧವಲ್ಲ ಎಂಬುದೇ ಇದರ ತಾತ್ಪರ್ಯ. ಪಾದರಕ್ಷೆಯಿಲ್ಲದೆ ನಡೆಯಬೇಕೆಂಬ ಅಲ್ಲಿಯ ಮಾತನ್ನು ಮಾತ್ರ ಇಂದು ಕೈಬಿಡಬೇಕು. ದೀರ್ಘಕಾಲದ ಮಧುಮೇಹದಲ್ಲಿ ಪಾದದ ಸ್ಪರ್ಶಜ್ಞಾನ ಕುಂದುವುದರಿಂದ, ಮುಳ್ಳು ಚುಚ್ಚಿದರೂ ಅರಿವಿಗೆ ಬಾರದೆ ಹುಣ್ಣಾಗಿ, ಕಾಲನ್ನೇ ಕಳೆದುಕೊಂಡವರುಂಟು. ಶಾಸ್ತ್ರವನ್ನು ಗೌರವಿಸುವವರು ಹೊಸ ಅರಿವಿಗೂ ಬಾಗಿಲು ತೆರೆದಿಡಬೇಕಷ್ಟೆ.

ವ್ಯಾಯಾಮವು ಔಷಧವಾಗುವ ಬಗೆ ಸರಳವಾದುದು. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ದಾರಿ ಕಾಯದೆ ರಕ್ತದೊಳಗಿನ ಗ್ಲೂಕೋಸನ್ನು ತಾನೇ ಹೀರಿಕೊಳ್ಳುತ್ತದೆ. ದುಡಿಮೆ ನಿಂತ ಮೇಲೂ ಕೆಲವು ಗಂಟೆಗಳ ಕಾಲ ಇನ್ಸುಲಿನ್ನಿನ ಮಾತಿಗೆ ಹೆಚ್ಚು ಕಿವಿಗೊಡುತ್ತದೆ. ಆದುದರಿಂದಲೇ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಬೇಕು, ಎರಡು ದಿನಗಳಿಗಿಂತ ಹೆಚ್ಚು ಬಿಡುವು ಕೊಡಬಾರದು ಎಂದು ವೈದ್ಯರು ವಿಧಿಸುತ್ತಾರೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಮೆಲ್ಲನೆ ಅಡ್ಡಾಡಿದರೂ ಏರುವ ಗ್ಲೂಕೋಸ್ ತಗ್ಗುತ್ತದೆ. ಪಾಠ ಹೇಳಿ, ಉತ್ತರಪತ್ರಿಕೆ ತಿದ್ದಿ, ಸಂಜೆಗೆ ಕುರ್ಚಿ ಸೇರುವ ಅಧ್ಯಾಪಕ ವರ್ಗಕ್ಕೆ ಇದಕ್ಕಿಂತ ಅಗ್ಗದ ಮದ್ದು ಮತ್ತೊಂದಿಲ್ಲ.

ಈ ಮದ್ದಿನ ಬಲವೇ ಅದರ ಅಪಾಯವೂ ಹೌದು. ಇನ್ಸುಲಿನ್ ಚುಚ್ಚಿಸಿಕೊಂಡವರಲ್ಲಿಯೂ, ಗ್ಲಿಮೆಪಿರೈಡ್‌ನಂಥ ಮಾತ್ರೆ ಸೇವಿಸುವವರಲ್ಲಿಯೂ ವ್ಯಾಯಾಮವು ಗ್ಲೂಕೋಸನ್ನು ಮಿತಿಮೀರಿ ಇಳಿಸಬಲ್ಲುದು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಭಯ ತೀರ ಕಡಿಮೆ. ಪ್ರತಿ ಡೆಸಿಲೀಟರ್ ರಕ್ತದಲ್ಲಿ ಗ್ಲೂಕೋಸ್ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಕೈ ನಡುಗುತ್ತದೆ, ಮೈ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಇನ್ನೂ ಇಳಿದರೆ ಮಾತು ತೊದಲಿ, ಬುದ್ಧಿ ಮಂಕಾಗಿ, ಪ್ರಜ್ಞೆ ತಪ್ಪುತ್ತದೆ. ಆಗ ಸಕ್ಕರೆಯೇ ಸಂಜೀವಿನಿ. ದೊಡ್ಡವರಿಗೆ 15 ಗ್ರಾಂ, ಎಂದರೆ ಸುಮಾರು ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಟ್ಟು, 15 ನಿಮಿಷ ಕಾದು, ಚೇತರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಪುಟ್ಟ ಮಕ್ಕಳಿಗೆ ಇದಕ್ಕಿಂತ ಕಡಿಮೆ ಸಾಕು. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕದೆ ತಕ್ಷಣವೇ ಆಸ್ಪತ್ರೆಗೆ ಸಾಗಿಸಬೇಕು. ಇಂಥ ಗಳಿಗೆಯಲ್ಲಿ ಸುತ್ತ ನೆರೆದವರು, “ಅವನಿಗೆ ಶುಗರ್ ಇದೆ, ಸಿಹಿ ಕೊಡಬೇಡಿ” ಎಂದು ಕೈ ತಡೆದರೆ ಆಗುವ ಅನಾಹುತವನ್ನು ಯಾರೂ ಊಹಿಸಬಹುದು. ಹೆಸರಿನಿಂದ ಹುಟ್ಟಿದ ಅಜ್ಞಾನದ ಬೆಲೆ ಅಷ್ಟು ದುಬಾರಿಯಾದುದು.

ಅಪಾಯವನ್ನು ತಡೆಯುವ ಉಪಾಯಗಳು ಕಷ್ಟದವಲ್ಲ. ಇನ್ಸುಲಿನ್ ಬಳಸುವವರು ಆಟಕ್ಕಿಳಿಯುವ ಮುನ್ನ ಬೆರಳಿನ ಹನಿ ರಕ್ತ ಪರೀಕ್ಷಿಸಿಕೊಂಡು, 90ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿಂದೇ ಇಳಿಯಬೇಕು. ಓಡುವ ದಿನ ತೊಡೆಗೆ ಇನ್ಸುಲಿನ್ ಚುಚ್ಚಿದರೆ ಅದು ಬೇಗನೆ ರಕ್ತಕ್ಕೆ ಸೇರುವುದರಿಂದ ಬೇರೆಡೆ ಚುಚ್ಚುವುದು ಲೇಸು. ಸಂಜೆ ದೀರ್ಘಕಾಲ ಆಡಿದವರಿಗೆ ನಡುರಾತ್ರಿಯಲ್ಲಿಯೂ ಗ್ಲೂಕೋಸ್ ಕುಸಿಯಬಹುದು. ವಿದ್ಯಾರ್ಥಿನಿಲಯದ ಪಾಲಕರು ಇದನ್ನು ವಿಶೇಷವಾಗಿ ನೆನಪಿಡಬೇಕು. ಇದಕ್ಕೆ ವಿರುದ್ಧವಾಗಿ ಗ್ಲೂಕೋಸ್ 250ನ್ನು ಮೀರಿದ್ದು, ಮೂತ್ರದಲ್ಲಿಯೋ ರಕ್ತದಲ್ಲಿಯೋ ಕೀಟೋನ್ ಕಂಡುಬಂದರೆ ಅಂದು ವ್ಯಾಯಾಮ ಸಲ್ಲದು; ಅದು ಇನ್ಸುಲಿನ್ನಿನ ಕೊರತೆಯ ಕುರುಹು. ಕಣ್ಣಿನ ಒಳಪೊರೆ, ಹೃದಯ, ಪಾದಗಳಲ್ಲಿ ತೊಂದರೆಯಿರುವ ಹಿರಿಯರು ಹೊಸದಾಗಿ ವ್ಯಾಯಾಮ ಆರಂಭಿಸುವ ಮುನ್ನ ವೈದ್ಯರನ್ನು ಕೇಳುವುದು ಕ್ಷೇಮ.

ಇಷ್ಟನ್ನು ತಿಳಿಯದ ಶಾಲೆಯು ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ: ಮಧುಮೇಹವಿರುವ ಮಗುವನ್ನು ಬಯಲಿನಂಚಿನ ಮರದ ನೆರಳಿನಲ್ಲಿ ಕೂರಿಸುವುದು. ಅದರ ಹಿಂದೆ ಕರುಣೆಯಿದೆ, ನಿಜ. ಆದರೆ ಆ ಕರುಣೆ ಮಗುವಿನಿಂದ ಮದ್ದನ್ನೂ ಗೆಳೆಯರನ್ನೂ ಒಟ್ಟಿಗೆ ಕಸಿದುಕೊಳ್ಳುತ್ತದೆ. ಹಾಗೆ ಬೇರೆಯಾಗಿ ಕುಳಿತ ಮಗು ಮುಂದೆ ತನ್ನ ರೋಗವನ್ನು ಮರೆಮಾಚಲು ಕಲಿಯುತ್ತದೆ. ಮರೆಮಾಚಿದ ಮಗುವಿಗೆ ಆಪತ್ತಿನಲ್ಲಿ ನೆರವಾಗುವವರಿಲ್ಲ. ಕ್ರಿಕೆಟ್ ಆಟಗಾರ ವಾಸಿಂ ಅಕ್ರಂ ಅವರು ಸುಮಾರು 30ರ ವಯಸ್ಸಿನಲ್ಲಿ ಮಧುಮೇಹಕ್ಕೊಳಗಾಗಿ, ಇನ್ಸುಲಿನ್ ತೆಗೆದುಕೊಳ್ಳುತ್ತಲೇ ವೇಗದ ಬೌಲಿಂಗ್ ಮುಂದುವರಿಸಿ, 2003ರ ವಿಶ್ವಕಪ್ಪಿನಲ್ಲಿ ಏಕದಿನ ಪಂದ್ಯಗಳ 500ನೆಯ ವಿಕೆಟ್ ಪಡೆದರು. ಇಂಗ್ಲೆಂಡಿನ ದೋಣಿಪಟು ಸ್ಟೀವ್ ರೆಡ್‌ಗ್ರೇವ್ 1997ರಲ್ಲಿ ಮಧುಮೇಹ ಕಂಡುಬಂದ ಬಳಿಕವೂ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ತಮ್ಮ ಐದನೆಯ ಸ್ವರ್ಣಪದಕ ಗಳಿಸಿದರು. ಅಷ್ಟು ಶ್ರಮದ ಆಟ ಸಾಧ್ಯವಾದ ಮೇಲೆ ಶಾಲೆಯ ಕಬಡ್ಡಿ ಏಕೆ ಸಾಧ್ಯವಾಗಬಾರದು?

ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು 2017ರಲ್ಲಿ ಮಧುಮೇಹಿ ವಿದ್ಯಾರ್ಥಿಗಳು ಪರೀಕ್ಷಾ ಕೊಠಡಿಯೊಳಕ್ಕೆ ಸಕ್ಕರೆ ಮಾತ್ರೆ, ಹಣ್ಣು, ತಿಂಡಿ ಮತ್ತು ನೀರನ್ನು ಒಯ್ಯಲು ಅನುಮತಿ ನೀಡಿತು. ಪರೀಕ್ಷಾ ಕೊಠಡಿಗೆ ಒಪ್ಪಿದ ನ್ಯಾಯ ಆಟದ ಬಯಲಿಗೂ ಒಪ್ಪಬೇಕು. ಪ್ರತಿ ಶಾಲೆಯ ವ್ಯಾಯಾಮ ಶಿಕ್ಷಕರೂ ನಿಲಯಪಾಲಕರೂ ಆಪತ್ತಿನ ಲಕ್ಷಣಗಳನ್ನು ಕಲಿತಿರಬೇಕು. ಬಯಲಿನಲ್ಲಿ ಸೀಟಿಯ ಜೊತೆಗೆ ಗ್ಲೂಕೋಸ್ ಪುಡಿಯ ಪೊಟ್ಟಣವೂ ಇರಬೇಕು. ಇನ್ಸುಲಿನ್ ಇಡಲು ತಂಪುಪೆಟ್ಟಿಗೆಯಲ್ಲಿ ಒಂದು ಮೂಲೆ ಮೀಸಲಾಗಬೇಕು. ಇನ್ಸುಲಿನ್ ತೆಗೆದುಕೊಂಡ ಮಗುವಿಗೆ ಊಟದ ಹೊತ್ತು ಮೀರದಂತೆ ನೋಡಿಕೊಳ್ಳಬೇಕು, ಸಭೆ ಸಮಾರಂಭಗಳ ದಿನವಂತೂ ಇನ್ನೂ ಎಚ್ಚರದಿಂದ. ದಾನಿಗಳು ಕಟ್ಟಡಗಳಿಗೆ ನೀಡುವ ನೆರವು ಸ್ತುತ್ಯವಾದುದು. ಅದರಲ್ಲಿ ಅತ್ಯಲ್ಪ ಪಾಲು ಒಂದು ಗ್ಲೂಕೋಮೀಟರಿಗೂ, ಮುಗಿದಂತೆಲ್ಲ ಕೊಳ್ಳಬೇಕಾದ ಅದರ ಪಟ್ಟಿಗಳಿಗೂ ಸಂದರೆ, ಬಡ ತಂದೆತಾಯಿಯರು ಹೊರಲಾರದ ಹೊರೆಯೊಂದು ಇಳಿಯುತ್ತದೆ.

ಮರದ ನೆರಳಿನಲ್ಲಿ ಕುಳಿತ ಮಗುವನ್ನು ಬಯಲಿಗೆ ಕರೆತರುವ ಕೆಲಸ ವೈದ್ಯರದಲ್ಲ, ಶಿಕ್ಷಕರದು. ಅರಿತು ಆಡಿಸಿದರೆ ಆ ಮಗು ತನ್ನ ದೇಹದ ಹದವನ್ನು ತಾನೇ ಅರಿಯುವಂತಾಗುತ್ತದೆ. ಬದುಕಿನುದ್ದಕ್ಕೂ ಅದಕ್ಕೆ ಬೇಕಾದ ವಿದ್ಯೆ ಅದು. ಅಂಥ ವಿದ್ಯೆಯನ್ನು ಕಲಿಸುವ ಹೊಣೆಯನ್ನು ವಿದ್ಯಾಸಂಸ್ಥೆಗಳು ಬರುವ ಶಾಲಾವರ್ಷದ ಮೊದಲ ದಿನದಿಂದಲೇ ವಹಿಸಿಕೊಳ್ಳುವುದು ಉಚಿತ.