ಎಂ.ಪಿ.ಯನ್ನು ಮಸೂದೆ ಕೇಳೋಣ

ಹೋದ ತಿಂಗಳು ಸಂಕೇಶ್ವರದಲ್ಲಿ ನಮ್ಮ ಹುಡುಗರು ಒಂದು ಸಣ್ಣ ಸಭೆ ಸೇರಿಸಿದ್ದರು. ಕೇರಿಯ ಸಮುದಾಯ ಭವನದಲ್ಲಿ. ಗೋಡೆಯ ಮೇಲೆ ಎಂ.ಪಿ. ನಿಧಿಯ ಹಲಗೆ, ಹಲಗೆಯ ಕೆಳಗೆ ನಾವು ಇಪ್ಪತ್ತು ಮೂವತ್ತು ಮಂದಿ. ಮಾತು ಮುಗಿಯುವ ಹೊತ್ತಿಗೆ ಹಿಂದೆ ಕೂತಿದ್ದ ಒಬ್ಬ ಹಿರಿಯರು ಎದ್ದು ನಿಂತು ನನ್ನನ್ನೇ ಕೇಳಿದರು: “ತಮ್ಮಾ, ನೀ ಬಿ.ಎ. ಕಲತಾವ. ಒಂದ ಮಾತ ಹೇಳು. ಗಟಾರ ಮಾಡ್ಸೋದು ಪುರಸಭೆ ಮೆಂಬರನ ಕೆಲಸ. ರಸ್ತಾ ಮಾಡ್ಸೋದು ಎಮ್ಮೆಲ್ಲೆ ಕೆಲಸ. ಮತ್ತ ಎಂ.ಪಿ. ದಿಲ್ಲಿಗೆ ಯಾಕ ಹೋಗ್ತಾರ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಯಾಕಂದರೆ ಅವರ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಈ ಭವನದ ಹಲಗೆಯನ್ನು ತೋರಿಸಿದ್ದಷ್ಟೇ. ಅದು ತಪ್ಪು ಉತ್ತರ. ಸರಿಯಾದ ಉತ್ತರ ಕೊಡಲಿಕ್ಕೆ ಇದನ್ನು ಬರೆಯುತ್ತಿದ್ದೇನೆ.

ಎಂ.ಪಿ. ನಿಧಿ ಬಂದದ್ದು 1993ರಲ್ಲಿ. ಈಗ ಒಬ್ಬೊಬ್ಬರಿಗೆ ವರ್ಷಕ್ಕೆ 5 ಕೋಟಿ. ಅದರಲ್ಲಿ ನೂರಕ್ಕೆ 15 ಭಾಗ ಪರಿಶಿಷ್ಟ ಜಾತಿಯವರು ಇರುವಲ್ಲಿ ಖರ್ಚಾಗಬೇಕು ಅಂತ ನಿಯಮವಿದೆ. ಭವನ ಬೇಕು, ಬೋರು ಬೇಕು, ಬೇಡ ಅನ್ನುವವನು ನಾನಲ್ಲ. ಆದರೆ ಈ ದುಡ್ಡು ಬಂದ ಮೇಲೆ ನಾವು ಎಂ.ಪಿ. ಅಂದರೆ ದೊಡ್ಡ ಗುತ್ತಿಗೆದಾರ ಅಂತ ತಿಳಿದುಬಿಟ್ಟೆವು. ಎಂ.ಪಿ.ಯ ಮೂಲ ಕೆಲಸ ಕಾಯಿದೆ ಮಾಡುವುದು. ನಮ್ಮ ಬಾಳನ್ನು ಕಟ್ಟುವ, ಮುರಿಯುವ ಮಾತುಗಳನ್ನು ಬರೆಯುವುದು. ಅದನ್ನು ನಾವು ಕೇಳುವುದೇ ಇಲ್ಲ.

ಪಾರ್ಲಿಮೆಂಟಿನಲ್ಲಿ ಮಸೂದೆ ಎರಡು ತರಹ. ಮಂತ್ರಿ ತಂದರೆ ಸರ್ಕಾರಿ ಮಸೂದೆ. ಮಂತ್ರಿಯಲ್ಲದ ಯಾವ ಸದಸ್ಯರು ತಂದರೂ, ಆಳುವ ಪಕ್ಷದವರಿರಲಿ ವಿರೋಧ ಪಕ್ಷದವರಿರಲಿ, ಅದು ಖಾಸಗಿ ಸದಸ್ಯರ ಮಸೂದೆ. ಇದಕ್ಕೆ ಅಂತ ಲೋಕಸಭೆ ಇಟ್ಟಿರುವ ಹೊತ್ತು ಶುಕ್ರವಾರದ ಕೊನೆಯ ಎರಡೂವರೆ ತಾಸು. ಒಂದು ಶುಕ್ರವಾರ ಮಸೂದೆ, ಇನ್ನೊಂದು ಶುಕ್ರವಾರ ನಿರ್ಣಯ. ಒಂದು ತಿಂಗಳು ಮುಂಚೆ ನೋಟೀಸು ಕೊಡಬೇಕು. ಚೀಟಿ ಎತ್ತುವುದರಲ್ಲಿ ಹೆಸರು ಬರಬೇಕು. ಖಜಾನೆಯಿಂದ ದುಡ್ಡು ಖರ್ಚಾಗುವ ಮಸೂದೆಯಾದರೆ ಸಂವಿಧಾನದ 117ನೇ ವಿಧಿಯಂತೆ ರಾಷ್ಟ್ರಪತಿಯವರ ಶಿಫಾರಸು ಬೇಕು. ಅಂದರೆ ಸರ್ಕಾರ ಮನಸ್ಸು ಮಾಡಬೇಕು. ಬಡವರಿಗಾಗಿ ತರುವ ಯಾವ ಮಸೂದೆಗೆ ದುಡ್ಡು ಬೇಡ ಹೇಳಿ?

ಇಷ್ಟೆಲ್ಲ ದಾಟಿ ಚರ್ಚೆಗೆ ಬಂದರೂ ಕೊನೆಗೆ ಆಗುವುದು ಒಂದೇ. ಮಂತ್ರಿ ಎದ್ದು, ಸದಸ್ಯರ ಕಳಕಳಿ ದೊಡ್ಡದು, ಸರ್ಕಾರ ಯೋಚನೆ ಮಾಡುತ್ತದೆ, ಮಸೂದೆ ಹಿಂದಕ್ಕೆ ತಗೊಳ್ಳಿ ಅನ್ನುತ್ತಾರೆ. ಸದಸ್ಯರು ತಗೊಳ್ಳುತ್ತಾರೆ. ಸ್ವಾತಂತ್ರ್ಯ ಬಂದಾಗಿನಿಂದ ಹೀಗೆ ಬಂದ ಮಸೂದೆಗಳಲ್ಲಿ ಕಾಯಿದೆಯಾದವು ಬರೇ 14. ಅದರಲ್ಲಿ ಒಂದು 1956ರದು. ಪಾರ್ಲಿಮೆಂಟಿನಲ್ಲಿ ಆಡಿದ ಮಾತನ್ನು ಪತ್ರಿಕೆಗಳು ಹೆದರದೆ ಅಚ್ಚು ಮಾಡಬಹುದು ಅನ್ನುವ ಫಿರೋಜ್ ಗಾಂಧಿಯವರ ಮಸೂದೆ. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಅವರ ಹೆಂಡತಿಯ ಸರ್ಕಾರವೇ ಅದನ್ನು ರದ್ದು ಮಾಡಿತು. 1977ರಲ್ಲಿ ತಿರುಗಿ ಬಂತು. ಕೊನೆಯದು, ಹದಿನಾಲ್ಕನೆಯದು, 1970ರಲ್ಲಿ ಪಾಸಾಯಿತು. ಕೆಳಗಿನ ಕೋರ್ಟು ಬಿಟ್ಟವನಿಗೆ ಹೈಕೋರ್ಟು ದೊಡ್ಡ ಶಿಕ್ಷೆ ಕೊಟ್ಟರೆ ಅವನು ಸುಪ್ರೀಂ ಕೋರ್ಟಿಗೆ ಹೋಗಬಹುದು ಅನ್ನುವ ಮಸೂದೆ. ತಂದವರು ಲಖನೌದ ಆನಂದ ನಾರಾಯಣ ಮುಲ್ಲಾ. ಪಕ್ಷವಿಲ್ಲದೆ ಗೆದ್ದು ಬಂದವರು. ಹೈಕೋರ್ಟ್ ಜಡ್ಜಾಗಿದ್ದವರು. ಉರ್ದುವಿನ ಕವಿ ಕೂಡ. ಕವನ ಬರೆಯುವ ನನ್ನಂಥವನಿಗೆ ಇದು ಖುಷಿಯ ಸುದ್ದಿ. ಆದರೆ ಅಲ್ಲಿಂದ ಈಚೆಗೆ ಅರ್ಧ ಶತಮಾನ ದಾಟಿತು. ಒಂದೂ ಇಲ್ಲ.

ಹಂಗಾದರೆ ಇದು ಬರೇ ಕಾಗದದ ಆಟ ಅಂತ ಬಿಟ್ಟುಬಿಡಬೇಕೇ? ಗೆಳೆಯರೆ, ಇಲ್ಲಿ ಸ್ವಲ್ಪ ನಿಲ್ಲಿ. ನಮ್ಮದೇ ಚರಿತ್ರೆಯಲ್ಲಿ ಇಂಥ ಕಾಗದ ಏನೇನು ಮಾಡಿದೆ ನೋಡಿ.

ಆಗ ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. 1923ರ ಆಗಸ್ಟಿನಲ್ಲಿ ಮುಂಬಯಿ ಕೌನ್ಸಿಲಿನಲ್ಲಿ ಎಸ್.ಕೆ. ಬೋಲೆ ಅನ್ನುವ ಸದಸ್ಯರು ಒಂದು ನಿರ್ಣಯ ತಂದರು. ಸರ್ಕಾರದ ದುಡ್ಡಿನಲ್ಲಿ ನಡೆಯುವ ಕೆರೆ, ಬಾವಿ, ಶಾಲೆ, ಧರ್ಮಶಾಲೆ ಎಲ್ಲವೂ ಅಸ್ಪೃಶ್ಯರಿಗೂ ತೆರೆದಿರಬೇಕು. ಬೋಲೆ ಮಂತ್ರಿಯಲ್ಲ. ನಿರ್ಣಯ ಪಾಸಾಯಿತು, ಊರಿಗೆ ಊರು ಅದನ್ನು ಮೂಲೆಗೆ ಒಗೆಯಿತು. ಮಹಾಡದ ಪುರಸಭೆ ಮಾತ್ರ 1924ರಲ್ಲಿ ತಾನೂ ಒಂದು ನಿರ್ಣಯ ಮಾಡಿತು. ಅದೂ ಕಾಗದದಲ್ಲೇ ಉಳಿಯಿತು. ಆಮೇಲೆ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಮಂದಿಯನ್ನು ಕರೆದುಕೊಂಡು ಚವದಾರ ಕೆರೆಗೆ ಇಳಿದರು. ಅವರ ಕಾಲ ಕೆಳಗೆ ಇದ್ದದ್ದು ಆ ಕಾಗದ. ಅವರು ಬೇಡಲಿಕ್ಕೆ ಹೋಗಲಿಲ್ಲ, ಬರೆದುಕೊಟ್ಟದ್ದನ್ನು ವಸೂಲು ಮಾಡಲಿಕ್ಕೆ ಹೋದರು.

ಎರಡನೆಯದು ನಮ್ಮ ಮನೆಯ ಕಥೆಯೂ ಹೌದು. ನಮ್ಮ ಮುತ್ಯಾ ತನ್ನ ಅಪ್ಪನ ಮಾತು ಹೇಳುತ್ತಿದ್ದ. ಊರಿಗೆ ಸಾಹೇಬ ಬಂದರೆ ಮುಂದೆ ಓಡಬೇಕು. ಟಪಾಲು ಹೊತ್ತು ತಾಲೂಕಿಗೆ ನಡೆಯಬೇಕು. ಸತ್ತ ಸುದ್ದಿ ಮುಟ್ಟಿಸಬೇಕು, ಸತ್ತ ದನ ಎಳೆಯಬೇಕು. ಹಗಲಿಲ್ಲ, ರಾತ್ರಿಯಿಲ್ಲ. ಗಂಡಸು ಇಲ್ಲದಿದ್ದರೆ ಮನೆಯ ಹೆಂಗಸು ಹೋಗಬೇಕು. ಇದಕ್ಕೆ ಕೊಟ್ಟದ್ದು ಒಂದು ತುಂಡು ವತನ ಹೊಲ, ಸುಗ್ಗಿಯಲ್ಲಿ ಕಣದ ಬದಿ ನಿಂತರೆ ಒಂದಿಷ್ಟು ಕಾಳು. “ಹೊಲಾ ನಮ್ಮದಲ್ಲೋ ಮಗನ, ಹೊಲಾನ ನಮ್ಮನ್ನ ಕಟ್ಟಿ ಹಾಕಿತ್ತು” ಅನ್ನುತ್ತಿದ್ದ ಮುತ್ಯಾ.

ಈ ಕಟ್ಟನ್ನು ಬಿಚ್ಚಲಿಕ್ಕೆ ಬಾಬಾಸಾಹೇಬರು 1928ರ ಮಾರ್ಚಿನಲ್ಲಿ ಮುಂಬಯಿ ಕೌನ್ಸಿಲಿನಲ್ಲಿ ಒಂದು ಮಸೂದೆ ಮಂಡಿಸಿದರು. 1874ರ ವತನ ಕಾಯಿದೆಗೆ ತಿದ್ದುಪಡಿ. ಅದರಲ್ಲಿ ಇದ್ದದ್ದು ಸರಳ ಮಾತು. ಬೇಕಾದವರು ಪೂರ್ತಿ ಕಂದಾಯ ಕಟ್ಟಿ ಹೊಲ ಇಟ್ಟುಕೊಳ್ಳಲಿ, ಚಾಕರಿಯಿಂದ ಬಿಡುಗಡೆ ಆಗಲಿ. ಕಾಳು ಬೇಡುವುದು ನಿಲ್ಲಲಿ, ಅದನ್ನು ಸರ್ಕಾರವೇ ಕಂದಾಯದ ಜೊತೆ ದುಡ್ಡಾಗಿ ವಸೂಲು ಮಾಡಿ ಕೊಡಲಿ. ಯಾವ ಕೆಲಸ ಮಾಡಬೇಕು, ಯಾವುದು ಬೇಡ ಅಂತ ಬರೆದಿಡಲಿ. ಆಗ ಬಾಬಾಸಾಹೇಬರು ಯಾರು? ಬರೇ ನಾಮನಿರ್ದೇಶನದ ಸದಸ್ಯ. ಹಿಂದೆ ಪಕ್ಷವಿಲ್ಲ, ನಿಧಿಯಿಲ್ಲ, ಹಲಗೆಯಿಲ್ಲ. ಮಸೂದೆ ಸೆಲೆಕ್ಟ್ ಕಮಿಟಿಗೆ ಹೋಯಿತು. ಸರ್ಕಾರ ಅಡ್ಡ ನಿಂತಿತು. 1929ರ ಜುಲೈಯಲ್ಲಿ ಅವರು ಅದನ್ನು ಹಿಂದಕ್ಕೆ ತಗೊಂಡರು. ಸೋತರು ಅನ್ನಿ. 1937ರಲ್ಲಿ ಅಸೆಂಬ್ಲಿಗೆ ಆರಿಸಿ ಬಂದ ಮೇಲೆ ಮತ್ತೆ ತಂದರು. ಅದರ ಜೊತೆಗೆ ಕೊಂಕಣದ ಖೋತಿ ಪದ್ಧತಿ ತೆಗೆದುಹಾಕುವ ಮಸೂದೆಯನ್ನೂ ತಂದರು. 1938ರ ಜನವರಿಯಲ್ಲಿ ಸಾವಿರಾರು ರೈತರು ಆ ಮಸೂದೆ ಹಿಡಿದು ಮುಂಬಯಿಯ ಬೀದಿಯಲ್ಲಿ ನಡೆದರು.

ಬಾಬಾಸಾಹೇಬರು ತೀರಿಕೊಂಡ ಮೇಲೆ ಮುಂಬಯಿ ಸರ್ಕಾರ 1958ರಲ್ಲಿ ಈ ವತನ ತೆಗೆಯುವ ಕಾಯಿದೆ ಮಾಡಿತು. ಅಷ್ಟರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ್ದೆವು. ನಮಗೆ ಬಂದದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ, ಜಾರಿಯಾದದ್ದು 1963ರಲ್ಲಿ. ಚಾಕರಿ ಹೋಯಿತು, ಹೊಲ ನಮ್ಮ ಹೆಸರಿಗೆ ಮರುಮಂಜೂರಿ ಆಗುವ ದಾರಿ ತೆರೆಯಿತು. 1928ರಲ್ಲಿ ಬಿದ್ದ ಮಸೂದೆಯ ಮೂಲ ಮಾತು ಮೂವತ್ತು ಮೂವತ್ತೈದು ವರ್ಷದ ಮೇಲೆ ಬಂದು ಬಾಗಿಲು ತಟ್ಟಿತು.

ಈಗ ಕಹಿ ಮಾತು. ನಮ್ಮ ಹೊಲ ಈಗ ನಮ್ಮಲ್ಲಿಲ್ಲ. ಒಂದು ಲಗ್ನದ ಸಾಲಕ್ಕೆ ಕೈ ದಾಟಿತು. 1978ರಲ್ಲಿ ಕರ್ನಾಟಕದಲ್ಲಿ ಪಿ.ಟಿ.ಸಿ.ಎಲ್. ಕಾಯಿದೆ ಬಂತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರಭಾರೆ ಆಗಿದ್ದರೆ ಬಿಡಿಸಿ ವಾಪಸು ಕೊಡುವ ಕಾಯಿದೆ. ನಾನು ಆಸೆಯಿಂದ ಅದನ್ನು ತೆರೆದು ಓದಿದೆ. ‘ಮಂಜೂರಾದ ಜಮೀನು’ ಅಂದರೆ ಏನು ಅಂತ ಹೇಳುವ ಸಾಲಿನಲ್ಲಿ ಭೂಸುಧಾರಣೆಯಲ್ಲಿ ಸಿಕ್ಕದ್ದು ಬಂತು, ಇನಾಮು ರದ್ದತಿಯಲ್ಲಿ ಸಿಕ್ಕದ್ದು ಬಂತು. ಅದರ ಬೆನ್ನಿಗೇ ಒಂದು ಮಾತು: ವಂಶಪಾರಂಪರ್ಯ ಹುದ್ದೆಗೆ ಸಂಬಂಧಿಸಿದ್ದನ್ನು ಬಿಟ್ಟು. ಬಿಟ್ಟು! ನಮ್ಮ ಹಿರಿಯರು ತಲೆಮಾರುಗಟ್ಟಲೆ ದನ ಎಳೆದು ಗಳಿಸಿದ ಹೊಲ ಆ ಒಂದು ‘ಬಿಟ್ಟು’ ಅನ್ನುವುದರಲ್ಲಿ ಹೊರಗೆ ಉಳಿಯಿತು. ಈ ತಪ್ಪಿಗೆ ಯಾರ ಮೇಲೂ ಬೆರಳು ಮಾಡಲಾರೆ. ಆದರೆ ಕಾಯಿದೆಯ ಸಾಲು ಬರೆಯುವ ಮೇಜಿನ ಮುಂದೆ ವತನ ಹೊಲದ ಮಗ ಒಬ್ಬ ಕೂತಿದ್ದರೆ ಆ ಶಬ್ದ ಅಷ್ಟು ಸಲೀಸಾಗಿ ದಾಟುತ್ತಿತ್ತೇ?

ನಾನು ಹೇಳಬೇಕೆಂದಿರುವುದು ಇಷ್ಟೇ. ಮಸೂದೆ ಯಾರು ಬರೆಯುತ್ತಾರೆ ಅನ್ನುವುದು ನಮ್ಮ ಹೊಟ್ಟೆಯ ಪ್ರಶ್ನೆ. ಸರ್ಕಾರ ತಾನಾಗಿ ಬರೆದಾಗ ತನಗೆ ಬೇಕಾದ ಕಡೆ ‘ಬಿಟ್ಟು’ ಸೇರಿಸುತ್ತದೆ. ನಮ್ಮವರು ಬರೆದ ಮಸೂದೆ ಬಿದ್ದರೂ, ನಮಗೆ ಏನು ಬೇಕು ಅನ್ನುವುದು ನಮ್ಮದೇ ಮಾತಿನಲ್ಲಿ ಸದನದ ದಾಖಲೆಗೆ ಸೇರುತ್ತದೆ. ಮಂತ್ರಿ ಎದ್ದು ಇಲ್ಲ ಅನ್ನಬೇಕಾಗುತ್ತದೆ. ಅವರು ಇಲ್ಲ ಅಂದದ್ದೂ ದಾಖಲೆ.

ಈಚಿನ ಉದಾಹರಣೆ ಬೇಕೇ? 2015ರ ಏಪ್ರಿಲ್ 24ರಂದು ತಮಿಳುನಾಡಿನ ತಿರುಚ್ಚಿ ಶಿವಾ ಅವರ ಖಾಸಗಿ ಮಸೂದೆಯನ್ನು ರಾಜ್ಯಸಭೆ ಪಾಸು ಮಾಡಿತು. ತೃತೀಯ ಲಿಂಗಿಗಳ ಹಕ್ಕಿನ ಮಸೂದೆ. ಒಂದು ಸದನವಾದರೂ ಖಾಸಗಿ ಮಸೂದೆ ಪಾಸು ಮಾಡಿದ್ದು ಎಷ್ಟೋ ದಶಕಗಳ ಮೇಲೆ. ಲೋಕಸಭೆಯಲ್ಲಿ ಅದು ದಾಟಲಿಲ್ಲ. ಸರ್ಕಾರ ತನ್ನದೇ ಮಸೂದೆ ತಂದು 2019ರಲ್ಲಿ ಕಾಯಿದೆ ಮಾಡಿತು. ಅದರಲ್ಲಿ ಜಿಲ್ಲಾಧಿಕಾರಿಯ ಹತ್ತಿರ ಸರ್ಟಿಫಿಕೇಟು ತರಬೇಕು ಅಂತ ಸೇರಿಸಿತು. ಆ ಸಮುದಾಯದವರೇ ಬೀದಿಗೆ ಬಂದು ಇದು ನಾವು ಕೇಳಿದ ಕಾಯಿದೆ ಅಲ್ಲ ಅಂದರು. ಹಾಗೆ ಅನ್ನಲಿಕ್ಕೆ ಅವರ ಕೈಯಲ್ಲಿ ಹೋಲಿಸಿ ನೋಡುವ ಇನ್ನೊಂದು ಮಸೂದೆ ಇತ್ತು. ನಮ್ಮ ಕೈಯಲ್ಲಿ ಏನಿದೆ?

ನಮ್ಮ ಕ್ಷೇತ್ರದ ಮಾತಿಗೆ ಬರೋಣ. ಚಿಕ್ಕೋಡಿ ಲೋಕಸಭಾ ಕ್ಷೇತ್ರ 2009ರ ಚುನಾವಣೆಗೆ ಮುಂಚಿನವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. 1967ರಿಂದ ಏಳು ಸಲ ಗೆದ್ದವರು ಇದೇ ಹುಕ್ಕೇರಿ ತಾಲೂಕಿನ ಕಣಗಲಾದ ಬಿ. ಶಂಕರಾನಂದ. ಆರೋಗ್ಯ, ಕಾನೂನು, ಪೆಟ್ರೋಲಿಯಂ ಅಂತ ದೊಡ್ಡ ದೊಡ್ಡ ಖಾತೆ ನಡೆಸಿದರು. ಕೇರಿಯ ಮಗ ದಿಲ್ಲಿಯಲ್ಲಿ ಕಾನೂನು ಮಂತ್ರಿ ಆದದ್ದು ನಮಗೆ ಅಭಿಮಾನದ ಮಾತೇ. ಮಂತ್ರಿಯಾದವರು ಖಾಸಗಿ ಮಸೂದೆ ತರುವಂತಿಲ್ಲ, ಸರ್ಕಾರದ ಮಾತನ್ನೇ ಆಡಬೇಕು. ಅದನ್ನು ಬಿಡೋಣ. ನಾನು ಕೇಳುವುದು ನಮ್ಮನ್ನೇ. ಅಷ್ಟು ವರ್ಷ ಮೀಸಲು ಕ್ಷೇತ್ರ ನಮ್ಮ ಕೈಯಲ್ಲಿದ್ದಾಗ ನಾವು ಅವರ ಮನೆ ಬಾಗಿಲಿಗೆ ಹೋದದ್ದು ಯಾತಕ್ಕೆ? ಹುಡುಗನ ನೌಕರಿಗೆ ಒಂದು ಚೀಟಿ, ವರ್ಗಾವಣೆಗೆ ಒಂದು ಫೋನು. ಒಂದಾದರೂ ಸಲ, ಸಾಹೇಬರೇ, ಈ ಮಸೂದೆ ಬೇಕು ಅಂತ ಬರೆದುಕೊಂಡು ಹೋದೆವೇ?

ಈಗ ಕ್ಷೇತ್ರ ಸಾಮಾನ್ಯ. 2024ರಲ್ಲಿ ಇಲ್ಲಿಂದ ಗೆದ್ದವರು ಪ್ರಿಯಾಂಕಾ ಜಾರಕಿಹೊಳಿ. ಪರಿಶಿಷ್ಟ ಪಂಗಡದ ಯುವತಿ, ನನ್ನ ವಾರಿಗೆಯವರು. ಮಂತ್ರಿಯಲ್ಲ, ಸದಸ್ಯರು. ಅಂದರೆ ಶುಕ್ರವಾರದ ಬಾಗಿಲು ಅವರಿಗೆ ತೆರೆದಿದೆ.

ನಮ್ಮಲ್ಲೇ ಕೆಲವು ಗೆಳೆಯರು ಹೇಳುತ್ತಾರೆ: ಪಾರ್ಲಿಮೆಂಟು ಅಂದರೆ ಉಳ್ಳವರ ಸಂತೆ, ನಮ್ಮ ಜಾಗ ಬೀದಿ. ಬೀದಿ ಬೇಕು, ಒಪ್ಪಿದೆ. ಬೀದಿಯಿಲ್ಲದಿದ್ದರೆ ಬೋಲೆ ನಿರ್ಣಯ ಗೆದ್ದಲು ತಿನ್ನುತ್ತಿತ್ತು. ಆದರೆ ಚವದಾರ ಕೆರೆಗೆ ಹೋದವರೂ, ಮುಂಬಯಿಯಲ್ಲಿ ನಡೆದ ರೈತರೂ ಬರಿಗೈಯಲ್ಲಿ ಹೋಗಲಿಲ್ಲ. ಬರೆದದ್ದನ್ನು ಹಿಡಿದು ಹೋದರು. ನಮ್ಮ ಮೋರ್ಚಾಗಳನ್ನು ನೋಡಿ. ಹನ್ನೆರಡು ಬೇಡಿಕೆಯ ಮನವಿ ಪತ್ರ, ತಹಶೀಲ್ದಾರರ ಕೈಗೆ ಕೊಟ್ಟು ಒಂದು ಫೋಟೋ, ಚಹಾ ಕುಡಿದು ಮನೆಗೆ. ಮನವಿಗೆ ಉತ್ತರ ಕೊಡಲೇಬೇಕು ಅಂತ ಯಾರೂ ಅಂಜುವುದಿಲ್ಲ. ಸದನದಲ್ಲಿ ಚರ್ಚೆಗೆ ಬಂದ ಮಸೂದೆಗೆ ಮಂತ್ರಿ ಉತ್ತರ ಕೊಡಬೇಕು.

ಆದ್ದರಿಂದ ಒಂದು ಕೆಲಸ ಮಾಡೋಣ. ನಾವೇ ಒಂದು ಮಸೂದೆ ಬರೆಯೋಣ. ನನ್ನ ಜೊತೆ ಬಿ.ಎ. ಮುಗಿಸಿದ ನಮ್ಮ ಹುಡುಗರು ಏನು ಮಾಡುತ್ತಿದ್ದಾರೆ? ಬ್ಯಾಂಕಿನ ಬಾಗಿಲಲ್ಲಿ, ಸ್ಟೇಷನ್ನಿನಲ್ಲಿ, ಕೇಂದ್ರ ಸರ್ಕಾರದ ಆಫೀಸಿನಲ್ಲಿ ಏಜೆನ್ಸಿಯ ಹೆಸರಿನ ಅಂಗಿ ಹಾಕಿಕೊಂಡು ಗುತ್ತಿಗೆ ಮೇಲೆ ದುಡಿಯುತ್ತಿದ್ದಾರೆ. ಕೆಲಸ ಸರ್ಕಾರದ್ದು, ನೌಕರಿ ಏಜೆನ್ಸಿಯದ್ದು. ಮೀಸಲಾತಿ ಕೇಳಿದರೆ ಅದು ಕಾಯಂ ಹುದ್ದೆಗೆ ಅನ್ನುತ್ತಾರೆ. ಕಾಯಂ ಹುದ್ದೆ ಎಲ್ಲಿ ಅಂದರೆ ನಗುತ್ತಾರೆ. ಕೇಂದ್ರದ ಯಾವ ಕಚೇರಿ ಹೊರಗುತ್ತಿಗೆ ಕೊಟ್ಟರೂ ಆ ಕೆಲಸಕ್ಕೆ ಮೀಸಲಾತಿ ಇರಲೇಬೇಕು, ಏಜೆನ್ಸಿ ಲೆಕ್ಕ ಕೊಡಲೇಬೇಕು ಅಂತ ನಾಲ್ಕು ಕಲಮಿನ ಮಸೂದೆ ಸಾಕು. ‘ಬಿಟ್ಟು’ ಅನ್ನುವ ಶಬ್ದ ಅದರಲ್ಲಿ ಇರಬಾರದು. ಕಾನೂನು ಓದಿದ ಗೆಳೆಯರು ತಿದ್ದಿ ಕೊಡಲಿ. ಎಂ.ಪಿ.ಯವರ ಕೈಗೆ ಕೊಟ್ಟು, ಯಾವ ಶುಕ್ರವಾರ ಮಂಡಿಸುತ್ತೀರಿ ಅಂತ ಕೇಳೋಣ. ಹಾಗೇ ವತನ ಹೊಲದ ಮಾತು ರಾಜ್ಯದ್ದು. ಎಮ್ಮೆಲ್ಲೆಗೂ ಖಾಸಗಿ ಮಸೂದೆ ತರುವ ಹಕ್ಕಿದೆ. ಅಲ್ಲಿಗೆ ಇನ್ನೊಂದು.

ಬೀಳಬಹುದು. ಬಿದ್ದರೆ ಬೀಳಲಿ. ಬಾಬಾಸಾಹೇಬರದೂ ಬಿತ್ತು.

ಸಭೆಯಲ್ಲಿ ಕೇಳಿದ ಆ ಕಾಕಾ ಮುಂದಿನ ಸಭೆಗೂ ಬರುತ್ತಾರೆ. ಅವರಿಗೆ ಈ ಸಲ ಹಲಗೆ ತೋರಿಸುವುದಿಲ್ಲ. “ಕಾಕಾ, ಎಂ.ಪಿ. ದಿಲ್ಲಿಗೆ ಹೋಗೋದು ನಮ್ಮ ಮಸೂದಿ ಮಂಡಿಸಾಕ. ಇಕಾ, ಬರದೇವಿ, ನೀವೂ ಒಂದ ಸಹಿ ಹಾಕ್ರಿ” ಅನ್ನುತ್ತೇನೆ. ಅಷ್ಟರೊಳಗೆ ಬರೆದು ಮುಗಿಸಬೇಕು. ಕೈ ಜೋಡಿಸುವವರು ಬನ್ನಿ.