ಕೊಟ್ಟವರು ಯಾರು?

ನಮ್ಮೂರಿನ ಬಸ್ ತಂಗುದಾಣದ ಮೇಲೆ ಊರಿನ ಹೆಸರಿಗಿಂತ ಸಂಸತ್ ಸದಸ್ಯರ ಹೆಸರು ದಪ್ಪ ಅಕ್ಷರದಲ್ಲಿದೆ. ಮಳೆಯಲ್ಲಿ ನಾನೂ ಅದರಡಿ ನಿಂತವನೇ. ಆದುದರಿಂದ ಈ ಮಾತನ್ನು ತುಸು ಸಂಕೋಚದಿಂದಲೇ ಆಡುತ್ತಿದ್ದೇನೆ. ‘ಪುಣ್ಯಾತ್ಮರು, ಕೊಟ್ಟರು’ ಎನ್ನುತ್ತಾರೆ ಜನ. ಕೊಟ್ಟದ್ದು ಯಾರ ಹಣವನ್ನು?

1993ರ ಏಪ್ರಿಲಿನಲ್ಲಿ 73ನೆಯ ತಿದ್ದುಪಡಿ ಜಾರಿಗೆ ಬಂದು ಗ್ರಾಮ ಪಂಚಾಯಿತಿಗೆ ಸಂವಿಧಾನದಲ್ಲೇ ನೆಲೆ ದೊರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಪಿ. ವಿ. ನರಸಿಂಹರಾಯರ ಕಾಲದಲ್ಲಿ, ಸಂಸದರ ಪ್ರದೇಶಾಭಿವೃದ್ಧಿ ನಿಧಿಯೂ ಹುಟ್ಟಿತು. ಊರಿನ ಮೋರಿ ಊರವರದೆಂದು ಸಾರಿದ ವರ್ಷವೇ ಅದನ್ನು ದಿಲ್ಲಿಯ ಕೊಡುಗೆಯಾಗಿಸಿದೆವು. ಮೊದಲು ಒಬ್ಬೊಬ್ಬ ಸದಸ್ಯರಿಗೆ 5 ಲಕ್ಷ ರೂಪಾಯಿ ಇದ್ದುದು 2011-12ರಲ್ಲಿ ವರ್ಷಕ್ಕೆ 5 ಕೋಟಿಗೆ ಏರಿತು. ಕನ್ನಡದ ಲೇಖಕರೂ ಆದ ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯ ಆಡಳಿತ ಸುಧಾರಣಾ ಆಯೋಗ 2007ರಲ್ಲಿ ಇದನ್ನು ರದ್ದುಮಾಡಬೇಕೆಂದಿತು. ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಸಂವಿಧಾನಬದ್ಧವೆಂದಿತು. ನಿಧಿ ಉಳಿಯಿತು.

ನ್ಯಾಯಾಲಯದೊಡನೆ ನನಗೆ ತಕರಾರಿಲ್ಲ. ನನ್ನ ತಕರಾರು ನಮ್ಮೊಡನೆ. ನೆರೆಯ ತಾಲ್ಲೂಕಿಗೆ ಸಮುದಾಯ ಭವನ ಬಂದರೆ ದುಂದು, ನಮಗೆ ಬಂದರೆ ಅಭಿವೃದ್ಧಿ! ಆಯವ್ಯಯವನ್ನು ಸಾಲುಸಾಲಾಗಿ ಓದಿ ಲೋಕಸಭೆಯಲ್ಲಿ ಪ್ರಶ್ನೆ ಎತ್ತಿದವರನ್ನು ‘ಊರಿಗೇನು ಮಾಡಿದರು?’ ಎಂದು ಸೋಲಿಸಲು ನಾವು ಹಿಂಜರಿಯೆವು. ಸರ್ಕಾರದ ಖರ್ಚನ್ನು ಪರೀಕ್ಷಿಸಬೇಕಾದವರ ಕೈಗೇ ಹಣದ ಚೀಲ ಒಪ್ಪಿಸಿ, ಆಮೇಲೆ ಲೆಕ್ಕ ಕೇಳುವವರಿಲ್ಲವೆಂದು ಹಲುಬುತ್ತೇವೆ.

ಕಳೆದ ಮಳೆಗಾಲದಲ್ಲಿ ತಂಗುದಾಣದ ಸೂರು ಸೋರತೊಡಗಿತು. ಪಂಚಾಯಿತಿಗೆ ಅರ್ಜಿ ಬರೆಯೋಣವೆಂದೆ. ‘ಅದು ಪಂಚಾಯಿತಿಯದಲ್ಲ ಸ್ವಾಮಿ, ಎಂ.ಪಿ.ಯವರದು’ ಎಂದರು, ಒಳಗೇ ಕೊಡೆ ಬಿಡಿಸಿ ನಿಂತಿದ್ದ ಹಿರಿಯರೊಬ್ಬರು.