ವೀಲುನಾಮೆಗೆ ವಕೀಲರು ಬೇಕೆ?

ಅಡಿಕೆ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಕಾಯಬೇಕು. ಅಷ್ಟು ತಾಳ್ಮೆಯಿಂದ ತೋಟ ಎಬ್ಬಿಸುವ ಪುತ್ತೂರು, ಸುಳ್ಯ, ಕಡಬದ ಕೃಷಿಕರು, ತಮ್ಮ ಕಾಲಾನಂತರ ಆ ತೋಟ ಯಾರಿಗೆ ಎಂದು ಬರೆದಿಡುವ ಮಾತು ಬಂದರೆ ಮಾತ್ರ ಮುಂದೂಡುತ್ತಾರೆ. 'ಈಗಲೇ ಯಾಕೆ ಅಂಥ ಮಾತು' ಎಂಬುದು ಒಂದು ಕಾರಣ. 'ವಕೀಲರು ಎಷ್ಟು ಕೇಳುತ್ತಾರೋ' ಎಂಬ ಅಂಜಿಕೆ ಇನ್ನೊಂದು. ಇದರ ಫಲ ಉಣ್ಣುವವರು ಮಕ್ಕಳು. ಒಡಹುಟ್ಟಿದವರ ತಕರಾರು ಕೋರ್ಟು ಹತ್ತಿದರೆ ಓದಿಗೆಂದು ತೆಗೆದಿಟ್ಟ ಹಣವೂ ಅಲ್ಲಿಗೇ ಹೋಗುತ್ತದೆ.

ನಿಜ ನೋಡಿದರೆ ವೀಲುನಾಮೆಯ ಕಾಗದಕ್ಕೆ ಖರ್ಚೇ ಇಲ್ಲ. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಬರೆಸಿದವರ ಸಹಿ ಇರಬೇಕು; ಕನಿಷ್ಠ ಇಬ್ಬರು ಸಾಕ್ಷಿಗಳು ಅವರ ಎದುರಿನಲ್ಲೇ ಸಹಿ ಹಾಕಬೇಕು. ಆಸ್ತಿ ಪಡೆಯುವವರನ್ನು ಸಾಕ್ಷಿ ಮಾಡದಿರುವುದು ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಮುಂದೆ ತಕರಾರು ಎದ್ದಾಗ ಆಧಾರವಾಗುತ್ತದೆ. ಸ್ಥಿರಾಸ್ತಿಯ ದಾನಪತ್ರ, ಪಾಲುಪಟ್ಟಿಗಳಿಗೆ ಮಾತ್ರ ನೋಂದಣಿ ಬೇಕೇ ಬೇಕು.

ಹಾಗಾದರೆ ವಕೀಲರು ಯಾಕೆ? ಬರೆಯುವುದು ಸುಲಭ, ಬರೆದುಕೊಡಲು ತನಗೆ ಹಕ್ಕಿರುವುದು ಯಾವುದು ಎಂದು ತಿಳಿಯುವುದು ಕಷ್ಟ. 1956ರವರೆಗೆ ಮದ್ರಾಸಿಗೆ ಸೇರಿದ್ದ ಈ ಜಿಲ್ಲೆಯ ಹಲವು ಸಮುದಾಯಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಅಳಿಯಸಂತಾನ ಪದ್ಧತಿ ಇತ್ತು. ಅದಕ್ಕೆ 1949ರ ಪ್ರತ್ಯೇಕ ಕಾಯ್ದೆಯಿತ್ತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳಿತು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದ್ದರಿಂದ ತಂದೆ ತನ್ನ ಸ್ವಯಾರ್ಜಿತವನ್ನೂ ಕುಟುಂಬದ ಆಸ್ತಿಯಲ್ಲಿ ತನ್ನ ಪಾಲನ್ನೂ ವೀಲು ಬರೆಯಬಹುದು, ಮಕ್ಕಳ ಪಾಲನ್ನಲ್ಲ. ಮುಸ್ಲಿಂ ಕುಟುಂಬಗಳಲ್ಲಿ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದಂಶಕ್ಕಿಂತ ಹೆಚ್ಚು ಬರೆಯುವಂತಿಲ್ಲ.

ಭೂಮಿಯಲ್ಲೂ ಬಗೆಗಳಿವೆ. ವರ್ಗ ಜಾಗ ಬೇರೆ, ಅದರ ಬದಿಯ ಕುಮ್ಕಿ ಬೇರೆ. ಕುಮ್ಕಿ ಸರಕಾರದ ಜಾಗ. ಕೃಷಿಕನಿಗೆ ಇರುವುದು ಅನುಭೋಗದ ಸವಲತ್ತು ಮಾತ್ರ. ಅಲ್ಲಿ ತೋಟ ಎಬ್ಬಿಸಿದ್ದರೂ ಅದನ್ನು ಸ್ವಂತ ಆಸ್ತಿಯೆಂದು ಬರೆಸಿದರೆ ಪತ್ರ ನಿಲ್ಲದು.

ವಕೀಲರು ಜಾಹೀರಾತು ಕೊಡುವಂತಿಲ್ಲ ಎಂಬುದು ವಕೀಲರ ಪರಿಷತ್ತಿನ ನಿಯಮ. ಹಾಗಾಗಿ ವಿಚಾರಿಸಿಯೇ ಹುಡುಕಬೇಕು. ಪುತ್ತೂರು, ಸುಳ್ಯದ ನ್ಯಾಯಾಲಯಗಳಲ್ಲಿರುವ ವಕೀಲರ ಸಂಘದಲ್ಲಿ ಕೇಳಬಹುದು. ಜಗಳವಿಲ್ಲದೆ ಪಾಲು ಮುಗಿಸಿದ ನೆರೆಕರೆಯವರನ್ನು ಕೇಳುವುದು ಇನ್ನೂ ಒಳ್ಳೆಯದು. ದಸ್ತಾವೇಜು ಬರಹಗಾರರು ಪತ್ರವನ್ನು ಸರಿಯಾದ ನಮೂನೆಯಲ್ಲಿ ಬರೆದುಕೊಡುತ್ತಾರೆ; ಹಕ್ಕಿನ ಬಗ್ಗೆ ಸಂಶಯವಿದ್ದರೆ ಅದನ್ನು ಪರಿಶೀಲಿಸುವುದು ವಕೀಲರ ಕೆಲಸ.

ಶುಲ್ಕದ ಮಾತು ಮೊದಲೇ ಆಗಬೇಕು. ಅದರಲ್ಲಿ ಸಂಕೋಚ ಬೇಡ, ಅದು ಅಗೌರವವೂ ಅಲ್ಲ. ದಾಖಲೆ ನೋಡಿ ಸಲಹೆ ಕೊಡಲು ಎಷ್ಟು, ಪತ್ರ ತಯಾರಿಸಲು ಎಷ್ಟು, ನೋಂದಣಿ ಶುಲ್ಕವೆಂದು ಸರಕಾರಕ್ಕೆ ಹೋಗುವುದು ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಿ ಬರೆದಿಟ್ಟುಕೊಳ್ಳಬೇಕು. ಕೊಟ್ಟ ಹಣಕ್ಕೆ ರಶೀದಿ ಪಡೆಯಬೇಕು. ವ್ಯಾಜ್ಯ ಗೆದ್ದರೆ ಇಷ್ಟು ಪಾಲು ಎಂಬ ಕರಾರನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ.

ಹಣವಿಲ್ಲ ಎಂದು ಹಿಂದೆ ಸರಿಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಉಚಿತ ಕಾನೂನು ನೆರವಿಗೆ ಅರ್ಹರು. ಇವರಿಗೆ ಆದಾಯದ ಮಿತಿಯಿಲ್ಲ. ಉಳಿದವರಲ್ಲಿ ಹೆಚ್ಚಿನವರಿಗೆ ನಿಗದಿಯಾದ ಮಿತಿಯಿದೆ. ತಾಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಅರ್ಜಿ ಕೊಡಬೇಕು.

ಪ್ರಯೋಗಕ್ಕೆ ಮೊದಲು ಸಲಕರಣೆ ಜೋಡಿಸಿಡುವಂತೆ ವಕೀಲರಲ್ಲಿಗೆ ಹೋಗುವ ಮೊದಲು ಕಾಗದ ಜೋಡಿಸಿಡಬೇಕು. ಈ ಕೆಲಸವನ್ನು ಮನೆಯ ವಿದ್ಯಾರ್ಥಿಗಳೇ ಮಾಡಬಹುದು: ಆರ್‌ಟಿಸಿ, ನಕ್ಷೆ, ಹಳೆಯ ಪಾಲುಪಟ್ಟಿ, ಋಣಭಾರ ಪತ್ರ, ಬ್ಯಾಂಕು ಪುಸ್ತಕ, ಕುಟುಂಬದ ಎಲ್ಲರ ಹೆಸರಿನ ವಂಶವೃಕ್ಷ. ಕಡಬ ತಾಲೂಕಿನ ಘೋಷಣೆಯಾದದ್ದು 2013ರಲ್ಲಿ. ಆದ್ದರಿಂದ ಅಲ್ಲಿನ ಹಳೆಯ ಪತ್ರಗಳಲ್ಲಿ ಊರಿಗೆ ತಕ್ಕಂತೆ ಪುತ್ತೂರು ಅಥವಾ ಸುಳ್ಯ ತಾಲೂಕು ಎಂದಿರುತ್ತದೆ. ಅದನ್ನೂ ಗುರುತು ಹಾಕಿಡಬೇಕು. ಕಾಗದ ಸರಿಯಿದ್ದಷ್ಟು ವಕೀಲರ ಸಮಯ ಉಳಿಯುತ್ತದೆ, ಶುಲ್ಕವೂ ಹಗುರವಾಗುತ್ತದೆ.

ಹದಿನೆಂಟು ತುಂಬಿದ ಹೆಣ್ಣುಮಕ್ಕಳು ಇನ್ನೊಂದು ಮಾತು ನೆನಪಿಡಬೇಕು. 'ಸುಮ್ಮನೆ ಒಂದು ಸಹಿ' ಎಂದು ಮನೆಯವರು ಮುಂದಿಡುವ ಕಾಗದ ಹಕ್ಕು ಬಿಡುಗಡೆ ಪತ್ರವಾಗಿರಬಹುದು. ಪಾಲು ಬೇಡವೆನ್ನುವುದು ಅವರ ಇಷ್ಟ. ಆದರೆ ಓದಿ, ಕೇಳಿ, ತಿಳಿದು ಸಹಿ ಹಾಕಬೇಕು. ಅದಕ್ಕೆ ಬೇಕಾದ ಸಲಹೆ ಅವರಿಗೆ ಉಚಿತವಾಗಿಯೇ ಸಿಗುತ್ತದೆ.